ಆರು ಗಂಟೆಯ ತನಕ

ಅಡುಗೆಮನೆಯ ದೀಪ ಹೊತ್ತಿಕೊಂಡಾಗ ಬೆಳಗಿನ ಜಾವ ನಾಲ್ಕೂವರೆ. ಸೊಸೆ ಕಣ್ಣುಜ್ಜಿಕೊಳ್ಳುತ್ತಾ ಬಂದು ನೋಡಿದರೆ, ಎರಡು ವರ್ಷವೂ ತುಂಬದ ಗುಂಡ ಅಜ್ಜಿಯ ಸೊಂಟವೇರಿ ಬಿಸ್ಕತ್ತು ಚೀಪುತ್ತಿದ್ದ.

"ಬಂದೆಯಾ ಮಹಾರಾಯ್ತಿ? ಮಗುವಿಗೆ ನೆಟ್ಟಗೆ ನಿದ್ದೆ ಮಾಡಿಸೋಕೂ ಬರದವಳು ನೀನೆಂಥ ತಾಯಿ! ಬಿಟ್ಟುಬಿಡು ಆ ಕೆಲಸಾನ," ಅತ್ತೆ ಸಿಡುಕಿದರು.

ಉಡುಪಿನ ಕಾರ್ಖಾನೆಯಲ್ಲಿ ದಾರದ ತುದಿ ಕತ್ತರಿಸುತ್ತಾ ಸೇರಿದ ಸೊಸೆ ಎಂಟು ವರ್ಷ ಬೆನ್ನು ಬಗ್ಗಿಸಿ ದುಡಿದು ಬಟ್ಟೆ ಕತ್ತರಿಸುವ ಮೇಜಿನವರೆಗೆ ಬಂದಿದ್ದಳು. ಆ ಮೇಜಿನಲ್ಲಿ ಹೆಂಗಸು ಅಂತ ಇದ್ದವಳು ಅವಳೊಬ್ಬಳೇ. ಆದರೆ ದಿನಾ ನಾಲ್ಕೂವರೆಗೇ ಏಳುವ ಗುಂಡನಿಂದ ನಿದ್ದೆಗೆಟ್ಟು, ನಿನ್ನೆ ತೂಕಡಿಕೆ ಬಂದು, ಒಂದರ ಮೇಲೊಂದು ಜೋಡಿಸಿದ ನಲವತ್ತು ಕಾಲರು ಅಲಗಿಗೆ ಸಿಕ್ಕಿ ಸೊಟ್ಟಗಾಗಿದ್ದವು. ಬೆರಳು ಉಳಿದದ್ದೇ ಹೆಚ್ಚು! "ಇನ್ನೊಂದು ಸಲ ಹೀಗಾದರೆ ಮನೆಯಲ್ಲೇ ಇದ್ದುಬಿಡಮ್ಮ" ಎಂದಿದ್ದ ಮೇಸ್ತ್ರಿ.

ಗಂಡ ಬಾಗಿಲಲ್ಲಿ ತಲೆ ಕೆರೆದುಕೊಂಡ. "ಅಮ್ಮ ಹೇಳೋದ್ರಲ್ಲೂ ಸ್ವಲ್ಪ…"

"ನೀವು ಸುಮ್ನಿರಿ!" ಅವನು ಹಿಂದಕ್ಕೆ ಸರಿದ, ಅದರಲ್ಲಿ ಅವನು ಪಳಗಿದ್ದ. ಅವಳು ಅತ್ತೆಯತ್ತ ತಿರುಗಿದಳು. "ಹತ್ತು ದಿನ ಕೊಡಿ ಅತ್ತೆ. ಗುಂಡ ಆರು ಗಂಟೆ ತನಕ ಮಲಗದಿದ್ರೆ ನಾನೇ ಕೆಲಸ ಬಿಡ್ತೀನಿ. ಅಲ್ಲೀತನಕ ಅವನನ್ನ ಯಾರೂ ಎತ್ಕೋಬಾರದು."

"ಅಳ್ತಾ ಬಿದ್ದಿರಲಿ ಅಂತೀಯಾ? ಕಲ್ಲು ಹೃದಯ ಕಣೇ ನಿಂದು!"

ಲಸಿಕೆ ಹಾಕುವ ನರ್ಸು ಹೇಳಿದ್ದನ್ನು ಸೊಸೆ ಚಾಚೂ ತಪ್ಪದೆ ಹಿಡಿದಳು. ಕಪ್ಪು ಬಟ್ಟೆಯ ಪರದೆ ಹೊಲಿದು ನಡುಕೋಣೆಯ ಕಿಟಕಿಗೆ ಇಳಿಬಿಟ್ಟಳು. ಸಂಜೆ ಆಟ ಬೇಗ ಮುಗಿಸಿ, ಏಳೂವರೆಗೇ ಮಗುವನ್ನು ತೊಟ್ಟಿಲ ಮಂಚದಲ್ಲಿ ಮಲಗಿಸಿದಳು. ಹಾಲು, ಬಿಸ್ಕತ್ತು ಎಲ್ಲ ಆರರ ನಂತರವೇ. ಜಾವದಲ್ಲಿ ಮಕ್ಕಳು ಒಮ್ಮೆ ಮುಲುಗುತ್ತವೆ, ಹೊರಳುತ್ತವೆ, ಆಗ ಯಾರೂ ಎತ್ತಿಕೊಳ್ಳದಿದ್ದರೆ ತಾವಾಗಿಯೇ ಮತ್ತೆ ಮಲಗುತ್ತವೆ ಎಂದಿದ್ದಳು ನರ್ಸು. ಆದರೆ ನಾಲ್ಕು ದಿನ ಕಳೆದರೂ ಗುಂಡ ಮಾತ್ರ ನಾಲ್ಕೂವರೆಗೆ ಸರಿಯಾಗಿ ಹಾಜರು! "ತಾನೇ ಎದ್ದುಬಿಟ್ಟ ಕಣೇ" ಎನ್ನುತ್ತಿದ್ದರು ಅತ್ತೆ.

ಐದನೆಯ ದಿನ ಸೊಸೆ ನಾಲ್ಕಕ್ಕೇ ಎದ್ದು ಕತ್ತಲಲ್ಲಿ ಕಿವಿಗೊಟ್ಟು ಕುಳಿತಳು. ನಾಲ್ಕೂವರೆಗೆ ನಡುಕೋಣೆಯಿಂದ "ಊಂ…" ಎಂಬ ಸಣ್ಣ ದನಿ. ಅಳುವಲ್ಲ, ಎಚ್ಚರವೂ ಅಲ್ಲ. ಅಷ್ಟರಲ್ಲೇ ಬಾಗಿಲು ಕಿರ್ರೆಂದಿತು. ಓಡಿಹೋಗಿ ನೋಡಿದರೆ ಅತ್ತೆ! ಅರೆನಿದ್ದೆಯ ಮಗು ಅವರ ಹೆಗಲಿಗೇರಿಯಾಗಿತ್ತು, ಬಿಸ್ಕತ್ತು ಆಗಲೇ ಕೈಯಲ್ಲಿತ್ತು.

"ಅಂದ್ರೆ… ಅವನಾಗೇ ಏಳ್ತಿರಲಿಲ್ಲ! ನೀವೇ ಎಬ್ಬಿಸ್ತಿದ್ರಿ! ನನ್ನ ಕೆಲಸ ತೆಗೀಬೇಕು ಅಂತಾನೇ ಹೀಗೆ ಮಾಡಿದ್ರಾ ಅತ್ತೆ?"

ಅತ್ತೆ ತಿರುಗಿ ಬೀಳುತ್ತಾರೆಂದುಕೊಂಡಿದ್ದಳು. ಅವರು ಮಗುವನ್ನು ಹಿಡಿದೇ ಸ್ಟೂಲಿನ ಮೇಲೆ ಕೂತುಬಿಟ್ಟರು.

"ಅಷ್ಟು ಕೆಟ್ಟವಳಲ್ಲ ಕಣೇ… ಮೂವತ್ತು ವರ್ಷ ನಾನೂ ನಿಮ್ಮ ಮಾವನೂ ನಾಲ್ಕಕ್ಕೆ ಎದ್ದು ಬೇಕರಿ ಒಲೆ ಹೊತ್ತಿಸಿದವರು. ಅವರು ಹಿಟ್ಟು ನಾದ್ತಾ ಲೋಕದ ಸುದ್ದಿಯೆಲ್ಲ ಹೇಳೋರು. ಅವರು ಹೋದ್ರು, ಒಲೆ ಹೋಯ್ತು… ಈ ಹಾಳು ಎಚ್ಚರ ಮಾತ್ರ ಹೋಗಲಿಲ್ಲ. ನೀವೆಲ್ಲ ಮಲಗಿರ್ತೀರಿ, ನಾನು ಯಾರ ಹತ್ರ ಮಾತಾಡ್ಲಿ? ಇವನು 'ಊಂ' ಅಂದ್ರೆ, ನನ್ನನ್ನೇ ಕರೆದ ಅನ್ಸುತ್ತೆ…"

ಇಷ್ಟು ದಿನ ಒಂದೇ ಸೂರಿನಡಿ ಇದ್ದೂ ಈ ಒಂಟಿತನ ತನಗೆ ಕಾಣಲಿಲ್ಲವಲ್ಲ ಎಂದು ಸೊಸೆಗೆ ನಾಚಿಕೆಯಾಯಿತು. ಆದರೆ ಕಣ್ಣೊರೆಸಿಕೊಂಡವಳು ಹಟ ಬಿಡಲಿಲ್ಲ.

"ಆರಕ್ಕೆ ಇವನನ್ನ ಎತ್ಕೊಳ್ಳೋದು ಇನ್ಮೇಲೆ ನೀವೇ. ನಾನೂ ಇಲ್ಲ, ಇವರೂ ಇಲ್ಲ. ಆದ್ರೆ ಆರರ ತನಕ ಮುಟ್ಟಬಾರದು ಅತ್ತೆ. ಅವನ ನಿದ್ದೇಲಿ ನನ್ನ ಹತ್ತು ಬೆರಳೂ ಇದೆ."

ಅತ್ತೆ ಸೊಸೆಯ ಬೆರಳುಗಳನ್ನೇ ನೋಡಿದರು. "ಎರಡು ಗಂಟೆ ಈ ಕೈನ ಹೇಗೆ ಕಟ್ಟಿಹಾಕ್ಲೇ?" ಎಂದು ಗೊಣಗಿದರು.

ಮಾರನೆಯ ಬೆಳಗ್ಗೆ, ಮಾವ ಹೋದ ಮೇಲೆ ಯಾರೂ ಮುಟ್ಟದಿದ್ದ, ಹಿಟ್ಟು ನಾದುವ ಅಗಲ ಪರಾತ ಅಟ್ಟದಿಂದ ಇಳಿದಿತ್ತು. ಅತ್ತೆ ಹಿಟ್ಟು ನಾದುತ್ತಿದ್ದರು. ಗುಂಡ ಆ ದಿನ ಐದಕ್ಕೆ ಎದ್ದು ಸೂರು ಹಾರುವಂತೆ ಅತ್ತ. ಸೊಸೆ ದೀಪ ಹಚ್ಚದೆ ಪಕ್ಕದಲ್ಲಿ ಕೂತು ಬೆನ್ನು ತಟ್ಟಿದಳೇ ಹೊರತು ಎತ್ತಿಕೊಳ್ಳಲಿಲ್ಲ. ಮರುದಿನ ಐದೂಕಾಲು, ಅದರ ಮರುದಿನ ಐದೂವರೆ. ಒಂಬತ್ತನೆಯ ದಿನ ಆರಾಗಲು ಹತ್ತೇ ನಿಮಿಷ ಬಾಕಿ.

ಹತ್ತನೆಯ ದಿನ ಸೊಸೆ ನಾಲ್ಕೂವರೆಗೆ ಬಾಗಿಲ ಸಂದಿಯಿಂದ ಇಣುಕಿದಳು. "ಊಂ…" ಎಂದಿತು ಮಗು. ಪರಾತದ ಮುಂದಿನಿಂದ ಅತ್ತೆ ದಡಬಡಿಸಿ ಎದ್ದು ಬಂದರು. ನಡುಕೋಣೆಯ ಬಾಗಿಲಲ್ಲಿ ನಿಂತರು. ಮಣಿಕಟ್ಟಿನವರೆಗೂ ಹಿಟ್ಟು ಮೆತ್ತಿದ ಎರಡೂ ಕೈಗಳನ್ನು ಗಾಳಿಯಲ್ಲೇ ಎತ್ತಿ ಹಿಡಿದು, ತುಟಿ ಕಚ್ಚಿಕೊಂಡು, ಮುದುಕಿ ಹಾಗೇ ನಿಂತೇ ಇದ್ದರು! ಆ ಕೈಯಿಂದ ಮಗುವನ್ನು ಎತ್ತಿಕೊಳ್ಳಲಾಗದು, ಅದಕ್ಕೆಂದೇ ಅವರು ಹಿಟ್ಟು ಕಲಸುತ್ತಿದ್ದದ್ದು… ಒಳಗೆ ಗುಂಡ ಹೊರಳಿ, ಹೆಬ್ಬೆರಳು ಬಾಯಿಗಿಟ್ಟು, ಮತ್ತೆ ನಿದ್ದೆಗೆ ಜಾರಿದ.

ಆರೂ ಐದಕ್ಕೆ ಕೋಣೆಯಿಂದ ಕೂಗು ಬಂತು: "ಅಜ್ಜೀ!"

ಅಮ್ಮಾ ಎನ್ನಲಿಲ್ಲವಲ್ಲ ಎಂದು ಸೊಸೆಗೆ ಒಂದು ಕ್ಷಣ ಅಸೂಯೆಯಾಯಿತು. ಅದನ್ನು ನುಂಗಿಕೊಂಡು ಬಿಸಿನೀರಿನ ಬೋಗುಣಿ ತಂದು, ಅತ್ತೆಯ ಕೈ ಹಿಡಿದು ಒಂದೊಂದೇ ಬೆರಳಿನ ಹಿಟ್ಟು ತೊಳೆದಳು.

"ಆರಾಯ್ತು ಅತ್ತೆ. ಕರೀತಿದ್ದಾನೆ, ಹೋಗಿ."

ಅತ್ತೆ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಓಡಿದರು. ಸೊಸೆ ಊಟದ ಡಬ್ಬಿ ಮುಚ್ಚಿ, ಚಪ್ಪಲಿ ಮೆಟ್ಟಿ ಕೆಲಸಕ್ಕೆ ಹೊರಟಳು.