ಐಸ್ ಪ್ಲಾಂಟಿನ ಬಿಳಿ ಹೊಗೆ

"ಎಂತ ಮಾಡ್ದ್ರಿ ನೀವ್? ನಾಕ್ ವರ್ಷದ್ ಕೆಲ್ಸ! ನಾಕ್ ವರ್ಷ!"

ಗಂಗೊಳ್ಳಿಯ ಐಸ್ ಪ್ಲಾಂಟಿನ ಹಿಂದಿನ ಕೋಣೆಯಲ್ಲಿ ಪ್ರಣೀತಾ ಕೂಗಿದ ಕೂಗಿಗೆ, ಹೊರಗೆ ಐಸ್ ಒಡೆಯುತ್ತಿದ್ದವರ ಕೈ ಹಾಗೇ ನಿಂತಿತು. ಅವಳು ಓಡಿ ಬಂದು ಮೇನ್ ಸ್ವಿಚ್ಚು ಇಳಿಸಿ, ಬಾಗಿಲು ಕಿಟಕಿಗಳನ್ನೆಲ್ಲ ತೆರೆದು, ಈಗ ಏದುಸಿರು ಬಿಡುತ್ತಿದ್ದಳು. ಅವಳೆದುರು ಪ್ಲಾಂಟಿನ ಯಜಮಾನ ರತನ್. ಮುಖಕ್ಕೆ ಸುತ್ತಿದ ಒದ್ದೆ ಬೈರಾಸು ಹಾಗೇ ಇತ್ತು, ಕೈಯಲ್ಲಿ ನೀರಿನ ಪೈಪು.

ನೆಲವೆಲ್ಲ ನೀರು. ನೀರಿನ ನಡುವೆ ಆಳೆತ್ತರದ ಉಕ್ಕಿನ ಹಂಡೆ. ಅದರೊಳಗೆ ಅವಳ ತಂತಿಯ ಸುರುಳಿ.

ಆ ಸುರುಳಿಯ ಕಥೆ ಇಷ್ಟು. ಲಿಕ್ವಿಡ್ ನೈಟ್ರೋಜನ್ನಿನ ಘೋರ ಚಳಿಯಲ್ಲಿ ಮುಳುಗಿದ್ದಾಗ ಅದರೊಳಗೆ ಕರೆಂಟು ಯಾವ ತಡೆಯೂ ಇಲ್ಲದೆ ಹರಿಯುತ್ತದೆ. ಸೂಪರ್‌ಕಂಡಕ್ಟರ್ ಎಂದರೆ ಅದೇ. ಎಲ್ಲೋ ಮರ ಬಿದ್ದು ಲೈನು ಶಾರ್ಟ್ ಆಗಿ ಕರೆಂಟು ನುಗ್ಗಿದರೆ, ಅದೇ ಸುರುಳಿ ಕಣ್ಣು ಮಿಟುಕಿಸುವುದರೊಳಗೆ ಅಡ್ಡ ನಿಂತು ಟ್ರಾನ್ಸ್‌ಫಾರ್ಮರನ್ನು ಕಾಯುತ್ತದೆ. ಬೆಂಗಳೂರಿನ ಲ್ಯಾಬಿನಲ್ಲಿ ಅದು ಗೆದ್ದಾಗಿತ್ತು. ಊರಿನ ಲೈನಿನಲ್ಲೂ ಗೆದ್ದರೆ ಪ್ರಾಜೆಕ್ಟು ಉಳಿಯುತ್ತದೆ, ಸೋತರೆ ಮುಚ್ಚುತ್ತದೆ. ತಲ್ಲೂರಿನ ಹುಡುಗಿ ಹಠ ಹಿಡಿದು ಅದನ್ನು ತನ್ನೂರ ಕಡೆಗೇ ತಂದು, ಕುಂಭಾಶಿಯ ಗಣಪನಿಗೆ ಕೈಮುಗಿದು ಬಂದು ಸ್ವಿಚ್ಚು ಹಾಕಿದ್ದಳು.

ಜಾಗ ಕೊಟ್ಟವನು ರತನ್. ಜಾಗದ ಜೊತೆಗೆ ಹೊತ್ತುಹೊತ್ತಿಗೆ ಚಹಾ, ಚಹಾದ ಜೊತೆಗೆ ಕಳ್ಳನೋಟ. ಅವಳು ಮೀಟರು ಓದುವಾಗ ಅವನು ಅವಳ ಕಿವಿಯ ಹಿಂದೆ ಜಾರಿದ ಕೂದಲನ್ನು ಓದುತ್ತಿದ್ದ. ಅದು ಗೊತ್ತಿದ್ದೇ ಅವಳು ಓದಿದ ಮೀಟರನ್ನು ಮತ್ತೆ ಓದುತ್ತಿದ್ದಳು.

ಈಗ ಅವಳ ಕಣ್ಣಲ್ಲಿ ಬೆಂಕಿ.

"ಹೊಗೆ ಬತ್ತಿತ್ತ್" ಅಂದ ರತನ್. "ಬೆಳ್ಳಗೆ, ನೆಲದ್ ಮೇಲೆ. ಅಮೋನಿಯ ಅಂದೇಳಿ..."

"ಅದ್ ನೈಟ್ರೋಜನ್! ಆ ಹಂಡೆ ಪೈಪಿಂದ ಹೊಗೆ ಬಪ್ಪುದೇ! ಅಮೋನಿಯದ್ ವಾಸ್ನೆ ಗೊತ್ತಾತಿಲ್ಯಾ ನಿಮ್ಗೆ?"

"ಇಲ್ಲಿ ಯಾವತ್ತೂ ಅದೇ ವಾಸ್ನೆ ಅಲ್ದಾ ಮಾರಾಯ್ರೆ!"

ಐಸ್ ಪ್ಲಾಂಟಿನವರಿಗೆ ಯಮನೆಂದರೆ ಅಮೋನಿಯ. ಅದು ಸೋರಿದರೆ ಮುಖಕ್ಕೆ ಒದ್ದೆ ಬಟ್ಟೆ, ಹೊಗೆಗೆ ನೀರು. ಅಮೋನಿಯವನ್ನು ನೀರು ನುಂಗುತ್ತದೆ. ಚಿಕ್ಕಂದಿನಿಂದ ಕಲಿತದ್ದನ್ನೇ ರತನ್ ಮಾಡಿದ್ದ. ಹೊಯ್ದ ನೀರು ಹಂಡೆಯ ಹೊಗೆ ಹೋಗುವ ಪೈಪಿನ ಕೊರೆಯುವ ಬಾಯಲ್ಲಿ ಕಲ್ಲಾಗಿ ಹೆಪ್ಪುಗಟ್ಟಿತು. ದಾರಿ ಕಾಣದ ನೈಟ್ರೋಜನ್ ಸುರಕ್ಷೆಯ ಮುಚ್ಚಳ ಒಡೆದುಕೊಂಡು ಹಾರಿತು. ಚಳಿ ತಪ್ಪಿದ ಸುರುಳಿ, ಕರೆಂಟು ಹರಿಯುತ್ತಿದ್ದಂತೆಯೇ ಸುಟ್ಟು ಕರಕಲಾಯಿತು.

"ಹೊಗೆ ಕಂಡ್ರೆ ಹೊರ್ಗೆ ಓಡ್ಕಲ್ದಾ? ಒಳ್ಗೆ ಎಂತಕೆ ಬಂದ್ರಿ?"

ಅವನೂ ಸಿಡಿದ. ಬೈರಾಸನ್ನು ಕಿತ್ತು ನೆಲಕ್ಕೆಸೆದ. "ನಿಮ್ ಚಪ್ಪಲಿ ಬಾಗ್ಲಲ್ ಇತ್ತ್! ನೀವ್ ಒಳ್ಗಿದ್ರಿ ಅಂದೇಳಿ ಬಂದೆ! ಶೂ ಹಾಯ್ಕಂಡ್ ಹಿಂದಿನ್ ಬಾಗ್ಲಲ್ ಹೋಪವ್ರಿಗೆ ಒಂದ್ ಮಾತ್ ಹೇಳುಕಾತಿಲ್ಯಾ?"

ಪ್ರಣೀತಾ ಬಾಗಿಲ ಬಳಿಯಿದ್ದ ತನ್ನ ಚಪ್ಪಲಿಯತ್ತ ತಿರುಗಿ ನೋಡಿದಳು.

ಅಷ್ಟರಲ್ಲಿ ಫೋನು. ಬೆಂಗಳೂರಿನಿಂದ ಅವಳ ಗೈಡ್. ನಡೆದದ್ದನ್ನು ಹೇಳಿದಳು. ಅವರ ಜೋರು ದನಿ ಕೋಣೆಗೆಲ್ಲ ಕೇಳಿಸಿತು.

"ಪ್ಲಾಂಟಿನವನ ಅಜಾಗರೂಕತೆ ಅಂತ ಬರಿ. ಹೊರಗಿನವರ ತಪ್ಪಾದರೆ ಇನ್ನೊಂದು ಸುರುಳಿ ಸಿಗುತ್ತೆ. ನಮ್ಮ ತಪ್ಪಾದರೆ ಪ್ರಾಜೆಕ್ಟು ಮುಚ್ಚಿದ ಹಾಗೆ."

"ನನ್ ಹೆಸ್ರೇ ಹೇಳಿ" ಎಂದ ರತನ್, ಮೆಲ್ಲಗೆ.

"ನೀವ್ ಸುಮ್ನಿರಿ!" ಅವನಿಗೆ ಗದರಿ ಅವಳು ಫೋನಿಗೆ ಹೇಳಿದಳು, "ಇಲ್ಲ ಸರ್. ಜನ ಓಡಾಡುವಲ್ಲಿ ಹಂಡೆ ಇಟ್ಟವರು ನಾವು. ಹೊಗೆಯ ಪೈಪನ್ನು ಗೋಡೆಯಾಚೆ ಒಯ್ಯಲಿಲ್ಲ. ಅದು ಯಾವ ಹೊಗೆ ಅಂತ ಇಲ್ಲಿ ಒಬ್ಬರಿಗೂ ಹೇಳಲಿಲ್ಲ. ಹಾಗೇ ಬರೀತೇನೆ."

"ಹಾಗಾದರೆ ಸೋಮವಾರ ಕಮಿಟಿಯೆದುರು ನೀನೇ ನಿಂತು ಹೇಳು. ನಾನು ಅಡ್ಡ ಬರಲ್ಲ." ಫೋನು ಕಟ್ಟಾಯಿತು.

"ನಂಗಾಯಿ ನಿಮ್ ಪ್ರಾಜೆಕ್ಟ್ ಹೋಪುದ್ ಬೇಡ" ಅಂದ ರತನ್.

"ನಿಮ್ಗಾಯಿ ಅಲ್ಲ! ನಿಜ ಹೇಳುಕೆ ನಿಮ್ ಮುಖ ಕಾಣ್ಕಾ ನಾನ್?" ಅವಳು ತೆರೆದ ಕಿಟಕಿಯತ್ತ ಕೈ ತೋರಿಸಿದಳು. "ಸುರುಳಿ ಇನ್ನೊಂದ್ ಸುತ್ತುಲಕ್ಕ್. ನೈಟ್ರೋಜನ್ ತುಂಬಿದ್ ಕೋಣ್ಯಲ್ ಉಸ್ರೇ ಸಿಕ್ಕುದಿಲ್ಲ, ಗೊತ್ತಿತ್ತಾ? ನೀವ್ ಇಲ್ಲೇ ಬಿದ್ಕಂಡ್ ಇದ್ದಿದ್ರೆ ನಾನ್ ಎಂತ ಮಾಡ್ಕಿತ್ತ್?"

ರತನ್ ಅವಳನ್ನೇ ನೋಡಿದ. ಮೀಟರಿನ ನೆಪವಿಲ್ಲದೆ, ನೇರವಾಗಿ.

"ನೈಟ್ರೋಜನ್ ಅಂದೇಳಿ ಗೊತ್ತಿದ್ರೂ ಬತ್ತಿದ್ದೆ."

"ಹಾಂಗ್ ಹೇಳ್ಬೇಡಿ! ಇನ್ನೊಂದ್ ಸಲ ಹೀಂಗ್ ಮಾಡ್ರೆ ಕೊಂದೇ ಬಿಡ್ತೆ!" ಅವನ ಒದ್ದೆ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದಳು. ಹಿಡಿದವಳು ಬಿಡಲಿಲ್ಲ.

"ಇನ್ನೊಂದ್ ಸಲ ಅಂದ್ರೆ... ವಾಪಾಸ್ ಬತ್ರಿ?"

"ನಿಮ್ಮನ್ ಬಯ್ಯುಕಾರೂ ಬರ್ಕಲ್ದಾ? ಜೀವ ಇಪ್ಪು ವರಿಗೂ ಬಯ್ತೆ. ಆತಾ?"

"ಆತ್."

ಬಾಗಿಲಲ್ಲಿ ರತನ್‌ನ ಅಮ್ಮ ಜಲಜ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ಹ್ವಾಯ್, ಬೈದ್ ಮುಗ್ದ್ರೆ ಇಬ್ರೂ ಉಂಬುಕೆ ಬನ್ನಿ. ಬಂಗ್ಡಿ ಸಾರ್ ತಣ್ದ್ ಹೋತ್."

ಪ್ರಣೀತಾ ಕೆಂಪಾಗಿ ಅಂಗಿ ಬಿಟ್ಟಳು. ಜಲಜ ನಗುತ್ತ ಹೋದಳು.

"ಸೋಮ್ವಾರ ನಾನೂ ಬತ್ತೆ ಬೆಂಗ್ಳೂರಿಗೆ" ಅಂದ ರತನ್. "ನೀರ್ ಹೊಯ್ದದ್ದ್ ಎಂತಕೆ ಅಂದೇಳಿ ಕಮಿಟಿಯವ್ರಿಗೆ ನಾನೇ ಹೇಳ್ತೆ."

"ಬನ್ನಿ." ಅವಳು ಕಣ್ಣೊರೆಸಿಕೊಂಡು ಸ್ಪ್ಯಾನರ್ ಎತ್ತಿಕೊಂಡಳು. ಸುಟ್ಟ ಸುರುಳಿಯನ್ನು ಕಮಿಟಿಗೆ ತೋರಿಸಬೇಕಿತ್ತು. "ಈಗ ಆ ಬದಿ ಹಿಡ್ಕಣಿ. ಮೆಲ್ಲ. ನಂಗ್ ಸಿಟ್ಟ್ ಇನ್ನೂ ಇಳೀಲಿಲ್ಲ."