ನಾನು ಹೊಡೆದುಹಾಕಿದ ಐದು ವಾಕ್ಯ

ಆ ಐದು ವಾಕ್ಯಗಳನ್ನು ನಾನೇ ಹೊಡೆದುಹಾಕಿದೆ. ಬೇರೆ ಯಾರ ಮೇಲೂ ಗೂಬೆ ಕೂರಿಸುವ ಹಾಗಿಲ್ಲ.

ವೀಬೆ ಮೊದಲು ಭೂಗೋಳದ ಮೇಷ್ಟ್ರು. ಆಮೇಲೆ ರೇಡಿಯೋಗೆ ಹೋದ, ಮುಂಗೋಪಿ ಕೊಕ್ಕರೆಯ ಬಗ್ಗೆ ಮಕ್ಕಳ ಪುಸ್ತಕ ಬರೆದ, ಟಿವಿಯಲ್ಲಿ ಕ್ವಿಜ್ ನಡೆಸಿ ಮನೆಮಾತಾದ. ಎಲ್ಲೇ ಸುತ್ತಿದರೂ ಎರಡು ವರ್ಷಕ್ಕೊಮ್ಮೆ ಹಾಸ್ಯದ ವೇದಿಕೆಗೆ ವಾಪಸ್ ಬರುತ್ತಿದ್ದ. ಒಂಬತ್ತು ವರ್ಷಗಳಿಂದ ಅವನ ನಿರ್ದೇಶಕಿ ನಾನು, ಫೆನ್ನಾ.

ಪ್ರೀಮಿಯರ್‌ಗೆ ಮುಂಚೆ ಸಣ್ಣ ಊರುಗಳಲ್ಲಿ ಟ್ರೈ-ಔಟ್, ಅಂದರೆ ಜನರ ಮುಂದೆ ಪರೀಕ್ಷೆಯ ಆಟ, ಮಾಡುತ್ತೇವೆ. ಅವನು ಹಾಳೆ ಹಿಡಿದು ಆಡುತ್ತಾನೆ. ನಾನು ಏಳನೇ ಸಾಲಿನಲ್ಲಿ ಕೆಂಪು ಪೆನ್ನು ಹಿಡಿದು ಕೂರುತ್ತೇನೆ. ನಾನು ಹೊಡೆದದ್ದನ್ನು ಅವನು ಮತ್ತೆ ಆಡುವುದಿಲ್ಲ, ಯಾಕೆಂದೂ ಕೇಳುವುದಿಲ್ಲ. ನಮ್ಮ ಕರಾರು ಅದು.

ಅಸ್ಸೆನ್ ಊರಿನಲ್ಲಿ ಇದ್ದಕ್ಕಿದ್ದಂತೆ ಐದು ಹೊಸ ವಾಕ್ಯ ಆಡಿದ. ಒಬ್ಬಳನ್ನು ವರ್ಷಗಟ್ಟಲೆ ಪ್ರೀತಿಸಿ, ಹೇಳಬೇಕಾದಾಗಲೆಲ್ಲ ಜೋಕ್ ಹೊಡೆದು ತಪ್ಪಿಸಿಕೊಂಡ ಗಂಡಸಿನ ಮಾತು. ಯಾರೂ ನಗಲಿಲ್ಲ. ಪಕ್ಕದ ಹೆಂಗಸು ಮೂಗು ಒರೆಸಿಕೊಂಡಳು. ನನಗೆ ಮೈಯೆಲ್ಲ ಉರಿಯಿತು. ಅದು ಅವನು ಬಿಟ್ಟುಬಂದ ಹೆಂಡತಿ ಮಾರ್ಲೂಸ್ ಬಗ್ಗೆ ಎಂದುಕೊಂಡೆ.

ಆಟ ಮುಗಿದ ಮೇಲೆ ಬಟಾಣಿ ಸೂಪು ಮುಂದಿಟ್ಟುಕೊಂಡು ಕೂತೆವು.

"ಆ ಐದು ವಾಕ್ಯ ಬೇಡ," ಎಂದೆ.

"ಬೇಡ್ವಾ?" ಚಮಚ ಅರ್ಧದಲ್ಲೇ ನಿಂತಿತು. ಕಣ್ಣು ನನ್ನ ಮೇಲಿಂದ ಕದಲಲಿಲ್ಲ.

"ಜನ ನಗೋಕೆ ಬರ್ತಾರೆ ಕಣೋ. ನಿನ್ನ ಗೋಳು ಯಾರಿಗೆ ಬೇಕು?"

"ನಿನಗೆ?"

"ನನಗಂತೂ ಬೇಡವೇ ಬೇಡ."

"ಸರಿ ಮೇಡಂ," ಎಂದು ನಕ್ಕ. ಸೂಪು ಹಾಗೇ ಬಿಟ್ಟು ಎದ್ದ.

ಕಾರಣ ಕಲೆಯಲ್ಲ, ಬರೀ ಹೊಟ್ಟೆಕಿಚ್ಚು. ಅವನ ಮೇಲೆ ಜೀವ ಇಟ್ಟುಕೊಂಡಿದ್ದೆ, ಬಾಯಿ ಮಾತ್ರ ಬಿಟ್ಟಿರಲಿಲ್ಲ.

ಮೂರು ವಾರದ ಮೇಲೆ ಗ್ರೋನಿಂಗನ್‌ನಲ್ಲಿ ಪ್ರೀಮಿಯರ್. ಸಂಜೆ ನಮ್ಮ ಲೈಟ್ ನೋಡಿಕೊಳ್ಳುವ ಬೆರೆಂಡ್ ಏಣಿಯ ಮೇಲಿಂದಲೇ ಕೂಗಿದ.

"ಆ ಮಾತು ಯಾಕಮ್ಮ ತೆಗ್ಸಿದೆ? ಪಾಪ, ಎಷ್ಟು ಧೈರ್ಯ ಮಾಡಿ ನಿನಗೆ ಹೇಳಿದ್ದ!"

"ನನಗಾ?"

"ಮತ್ತಿನ್ಯಾರಿಗೆ, ನನಗಾ? ಆಗ ಏಳನೇ ಸಾಲಿಗೆ ಲೈಟ್ ಹಾಕು ಅಂದಿದ್ದ. ಹಾಕಿದ್ದೆ. ನೀನು ತಲೆ ಎತ್ತಿದ್ರೆ ತಾನೇ!"

ಡ್ರೆಸಿಂಗ್ ರೂಮಿಗೆ ಓಡಿದೆ. ವೀಬೆ ಕನ್ನಡಿ ಮುಂದೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ.

"ಅಸ್ಸೆನ್‌ನಲ್ಲಿ ಹೇಳಿದ್ದು ನನಗಾ?"

ಕನ್ನಡಿಯಲ್ಲೇ ನನ್ನನ್ನು ನೋಡಿದ. "ಈಗ ಕೇಳ್ತೀಯಾ?"

"ನಾನೂ ನಿನ್ನ ಪ್ರೀತಿಸ್ತೀನಿ ಕಣೋ. ಮೊದಲನೇ ಆಟದಿಂದ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!"

ಅವನ ಮುಖ ಅರಳಿತು. ಒಂದೇ ಕ್ಷಣ. ಮತ್ತೆ ಬೆರಳು ಗುಂಡಿ ಹುಡುಕತೊಡಗಿತು, ಸಿಗಲಿಲ್ಲ. ನಾನೇ ಹಾಕಿದೆ.

"ಮನೆಗೆ ಬಾ ಅಂತ ಮಾರ್ಲೂಸ್ ಆರು ತಿಂಗಳಿಂದ ಕರೀತಿದ್ಲು," ಎಂದ. "ಅಸ್ಸೆನ್ ಆದ ಮಾರನೇ ದಿನ ಹೂಂ ಅಂದೆ. ನೀನು ಬೇಡವೇ ಬೇಡ ಅಂದಿದ್ದೆಯಲ್ಲ ಫೆನ್ನಾ."

"ಆಗಲ್ಲ ಅಂತ ಹೇಳು. ಈಗ್ಲೇ ಫೋನ್ ಮಾಡು. ನಿನ್ನ ದಮ್ಮಯ್ಯ."

"ನೀಂಕೆಗೆ ಏನು ಹೇಳ್ಲಿ?"

ನೀಂಕೆ ಅವನ ಮಗಳು, ಎಂಟು ವರ್ಷ.

"ಅಪ್ಪ ಬರ್ತಾನೆ ಅಂತ ಮನೆ ತುಂಬಾ ಕಾಗದದ ತೋರಣ ಕಟ್ಟಿದಾಳೆ. ಹೊಸ ಟೂತ್‌ಬ್ರಶ್ ತಂದು ತನ್ನದ್ರ ಪಕ್ಕ ಇಟ್ಟಿದಾಳಂತೆ, ನನಗೆ."

ಅವನ ಅಂಗಿಯ ಕಾಲರ್ ಸರಿಮಾಡಿದೆ.

ಆಟ ಶುರುವಾಗುವ ಬೆಲ್ ಹೊಡೆಯಿತು. ಅವನು ನನ್ನ ಹೆಗಲಿಗೆ ಹಣೆಯಾನಿಸಿ ನಿಂತ. ಕತ್ತಿಗೆ ತಾಗುವ ಅವನ ಬಿಸಿಯುಸಿರು ಇಷ್ಟು ವರ್ಷ ಎಲ್ಲಿತ್ತು?

"ನೀನೇ ಹೇಳು," ಎಂದ. "ಹೋಗಬೇಡ ಅಂದ್ರೆ ಹೋಗಲ್ಲ. ನಿಜವಾಗ್ಲೂ ಹೋಗಲ್ಲ."

ಹೋಗಬೇಡ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಎರಡು ಕೈಯಲ್ಲೂ ಅವನ ಮುಖ ಹಿಡಿದು ಕಣ್ಣೊರೆಸಿದೆ.

"ಹೋಗು," ಎಂದೆ. "ಮಗು ಕಾಯ್ತಿದೆ."

ಅವನು ವೇದಿಕೆಗೆ ಹೋದ. ಎರಡು ನಿಮಿಷಕ್ಕೆ ಗೋಡೆಯಾಚೆ ಆರುನೂರು ಜನ ಗೊಳ್ಳೆಂದು ನಕ್ಕರು. ನಾನು ಅವನ ಕೋಟನ್ನು ಎದೆಗವಚಿ ನೆಲದ ಮೇಲೆ ಕೂತು, ಆ ನಗು ನಿಲ್ಲದಿರಲಿ ಎಂದು ಬೇಡಿಕೊಂಡೆ. ನಿಂತರೆ ನನ್ನ ಅಳು ಅವನಿಗೆ ಕೇಳಿಸಿಬಿಡುತ್ತಿತ್ತು.