ನೂರ ಹದಿನೇಳನೇ ಸ್ಯಾಂಪಲ್

ಭಾನುವಾರ ಸುಮುಖನ ಜೊತೆ ಜಗಳವಾಡಿದ್ದೆ. ವಿಜಯವಾಡದ ಬ್ಯಾಂಕೊಂದರಲ್ಲಿ ಆಫೀಸರ್ ಆಗಿರುವ ಈ ತುಮಕೂರಿನವನು ಆರು ತಿಂಗಳಿಂದ ಪ್ರತಿ ಭಾನುವಾರ ನನಗೋಸ್ಕರ ವಿಶಾಖಪಟ್ಟಣಕ್ಕೆ ಬರುತ್ತಾನೆ, ಹೊತ್ತು ಮುಳುಗುವ ಮೊದಲೇ ಸ್ಟೇಷನ್ನಿಗೆ ಓಡುತ್ತಾನೆ.

"ಅಲ್ಲಿ ಇನ್ನೊಬ್ಬಳು ಕಾಯ್ತಿರ್ತಾಳಾ ಏನು?"

ಅವನು ಕಿವಿಯ ಮೆಷಿನ್ ಮುಟ್ಟಿಕೊಂಡು ನಕ್ಕ. "ಕೇಳಿಸಲಿಲ್ಲ ಕಣೇ."

ಚೆನ್ನಾಗಿಯೇ ಕೇಳಿಸಿತ್ತು. ಆ ಕಳ್ಳನಗೆ ಅಂದ್ರೆ ನನಗೆ ಪ್ರಾಣ, ಅದಕ್ಕೇ ಸಿಟ್ಟು ಇನ್ನೂ ಏರಿತು.

ನಾನು ಜೀನ್ ಪರೀಕ್ಷೆಯ ಲ್ಯಾಬಿನಲ್ಲಿ ರಿಪೋರ್ಟಿನ ಅರ್ಥವನ್ನು ಪೇಷೆಂಟುಗಳಿಗೆ ಬಿಡಿಸಿ ಹೇಳುವ ಕೌನ್ಸೆಲರ್. ನಮಗೆ ಬರುವ ರಕ್ತಕ್ಕೆ ಹೆಸರಿರುವುದಿಲ್ಲ, ನಂಬರ್ ಮಾತ್ರ. ಮಂಗಳವಾರ ನೂರ ಹದಿನೇಳರ ರಿಪೋರ್ಟ್ ಬಂತು. ಎಡಿಜಿಆರ್‌ವಿ ಒನ್ ಎಂಬ ಜೀನಿನ, ಅಪ್ಪನಿಂದೊಂದು ಅಮ್ಮನಿಂದೊಂದು ಬರುವ ಎರಡು ಪ್ರತಿಗಳೂ ಕೆಟ್ಟಿದ್ದವು. ಜೀವಕೋಶದ ಹೊರಮೈಯಲ್ಲಿ ನಿಲ್ಲುವ ಭಾರೀ ದೊಡ್ಡ ಪ್ರೋಟೀನೊಂದನ್ನು ಕಟ್ಟುವ ಜೀನ್ ಅದು. ಕಿವಿಗೂ ಬೇಕು, ಕಣ್ಣಿಗೂ ಬೇಕು. ಅದು ಕೆಟ್ಟರೆ ಹುಟ್ಟಿನಿಂದಲೇ ಕಿವಿ ಮಂದ, ಬೆಳೆದ ಮೇಲೆ ಕತ್ತಲಲ್ಲಿ ಕಾಣದು, ಬರಬರುತ್ತಾ ಹಗಲಿನ ನೋಟವೂ ಕಿರಿದಾಗುತ್ತದೆ.

"ಪಾಪ, ಯಾರೋ," ಎಂದು ಪಕ್ಕದ ಸಾಯಿಪ್ರಿಯಾಗೆ ಹೇಳಿ ಸಹಿ ಹಾಕಿದೆ.

ಗುರುವಾರ ಆ ರಿಪೋರ್ಟ್ ವಿವರಿಸಲು ವಿಡಿಯೋ ಕಾಲ್. ವಿಜಯವಾಡದ ಕಣ್ಣಿನ ಡಾಕ್ಟರು "ಪೇಷೆಂಟ್ ಬಂದಿದ್ದಾರೆ ಮೇಡಂ," ಎಂದು ಎದ್ದುಹೋದರು. ಆ ಕುರ್ಚಿಯಲ್ಲಿ ಸುಮುಖ ಬಂದು ಕೂತ.

ನೂರ ಹದಿನೇಳು ಅಂದ್ರೆ ಇವನೇ. ಸಂಜೆ ಓಡುತ್ತಿದ್ದುದು ಕತ್ತಲಿಗೆ ಹೆದರಿ! ದಿನಾ ಇದೇ ಕೆಲಸ ಮಾಡುವ ನಾನು, ಪ್ರೀತಿಸುವವನ ಕಿವಿಯನ್ನೂ ಓಟವನ್ನೂ ಒಮ್ಮೆಯೂ ಜೋಡಿಸಿ ನೋಡಿರಲಿಲ್ಲ.

"ರಾಜ್ಯಶ್ರೀ? ನೀನಾ?" ಅವನ ಮುಖ ಬಿಳುಚಿಕೊಂಡಿತು. "ನಾನೇ ಹೇಳಬೇಕಿತ್ತು. ನಿನ್ನೆದುರು ಎಡವಿ ಬೀಳೋಕೆ ನಾಚಿಕೆ ಆಗ್ತಿತ್ತು. ನೀನು ಬೇಡ ಅಂದ್ರೆ ಇನ್ನು ಬರಲ್ಲ."

"ಬಾಯ್ಮುಚ್ಚು. ಮೊದಲು ನನ್ನ ಕೆಲಸ ಮುಗಿಸ್ತೀನಿ."

ರಿಪೋರ್ಟನ್ನು ಸಾಲುಸಾಲಾಗಿ ವಿವರಿಸಿದೆ. ಅವನು ನನ್ನ ಮುಖದಿಂದ ಕಣ್ಣು ಕೀಳಲಿಲ್ಲ.

"ಇನ್ನೆಷ್ಟು ವರ್ಷ ಕಾಣುತ್ತೆ?"

"ಹತ್ತೋ, ಇಪ್ಪತ್ತೋ, ಜಾಸ್ತಿನೋ. ಯಾರಿಗೂ ಹೇಳೋಕಾಗಲ್ಲ."

"ಆಮೇಲೆ?"

ಕೌನ್ಸೆಲರ್ ಹೇಳಬೇಕಾದ ಉತ್ತರ ಬೇರೆಯೇ ಇತ್ತು. ನನಗೆ ಬಂದದ್ದು ಇದು: "ಆಮೇಲೆ ನಾನು ಹೇಗಿದೀನಿ ಅಂತ ದಿನಾ ನಾನೇ ಹೇಳ್ತೀನಿ. ಎಪ್ಪತ್ತಾದ್ರೂ ಒಂದೂ ಬಿಳಿಕೂದಲಿಲ್ಲ ಅಂತೀನಿ. ಗಂಡ ಆದವನು ನಂಬಬೇಕು."

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ.

"ನಂಬ್ತೀನಿ," ಅಂದ.